ಸಕ್ಕರೆ ಸಿಕ್ಕರೆ ಗರಿ ಮುಟ್ಟದ ಬ್ಯಾಕ್ಟೀರಿಯಾ

ಕೋಳಿಗರಿಯಲ್ಲಿ ಸುಮಾರು ಶೇ. 90 ಕೆರಾಟಿನ್ ಇರುತ್ತದೆ. ಡೈಸಲ್ಫೈಡ್ ಬಂಧಗಳಿಂದ (ಗಂಧಕದ ಕೊಂಡಿಗಳಿಂದ) ಬಿಗಿದುಕೊಂಡ ಈ ಪ್ರೋಟೀನಿನ ಮುಂದೆ ಪೆಪ್ಸಿನ್, ಟ್ರಿಪ್ಸಿನ್‌ನಂಥ ಜೀರ್ಣಕಿಣ್ವಗಳ ಆಟ ನಡೆಯುವುದಿಲ್ಲ. ಆದರೆ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾ ಹೊರಬಿಡುವ ಕೆರಾಟಿನೇಸ್ ಎಂಬ ಕಿಣ್ವ ಅದನ್ನೂ ಕತ್ತರಿಸುತ್ತದೆ. ಬ್ಯಾಕ್ಟೀರಿಯಾ ಬೆಳೆಸುವ ದ್ರವಕ್ಕೆ, ಅಂದರೆ ಮಾಧ್ಯಮಕ್ಕೆ, ಏನು ಬೆರೆಸಿದರೆ ಈ ಕಿಣ್ವ ಹೆಚ್ಚು ಸಿಗುತ್ತದೆ ಎಂದು ಹುಡುಕುವುದೇ ನನ್ನ ಕೆಲಸವಾಗಿತ್ತು.

ಗರಿಯನ್ನು ತೊಳೆದು, ಕ್ಲೋರೋಫಾರ್ಮ್-ಮೆಥನಾಲ್‌ನಲ್ಲಿ ಜಿಡ್ಡು ತೆಗೆದು ಒಣಗಿಸಿ, ಲೀಟರಿಗೆ 10 ಗ್ರಾಂ ಹಾಕಿದೆ. ಜೊತೆಗೆ ಪೊಟ್ಯಾಸಿಯಂ ಫಾಸ್ಫೇಟ್, ಚೂರು ಮೆಗ್ನೀಸಿಯಂ ಕ್ಲೋರೈಡ್. ಪಿಎಚ್ 7.5, ಉಷ್ಣತೆ 37 ಡಿಗ್ರಿ. ಬ್ಯಾಕ್ಟೀರಿಯಾ ಹಾಕದ ಒಂದು ಫ್ಲಾಸ್ಕ್ ಪಕ್ಕದಲ್ಲಿ ಇರಲೇಬೇಕು, ಏಕೆಂದರೆ ಕ್ರಿಮಿಶುದ್ಧಿಗೆ ಬಳಸುವ ಆಟೋಕ್ಲೇವ್‌ನ ಬಿಸಿಗೇ ಗರಿ ಕೊಂಚ ಮೆತ್ತಗಾಗುತ್ತದೆ.

ಗ್ಲೂಕೋಸ್ ಹಾಕಿದ ಫ್ಲಾಸ್ಕ್ ಬೇಗ ಮಬ್ಬಾಯಿತು, ಜೀವಕೋಶಗಳು ಬೇಕಾದಷ್ಟು. ಗರಿ ಮಾತ್ರ ಹಾಗೇ ಇತ್ತು. ಕೈತುತ್ತು ಸಿಗುವಾಗ ಒಲೆ ಹಚ್ಚುವವರು ಯಾರು? ಸಕ್ಕರೆ ಇರುವತನಕ ಕಿಣ್ವದ ಜೀನ್ ಅದುಮಿಟ್ಟಂತೆ ಇರುತ್ತದೆ. ಗರಿಯನ್ನೇ ನಂಬಿದ ಫ್ಲಾಸ್ಕ್ ನಿಧಾನಿಸಿತು, ಆದರೆ ಮೊದಲು ಎಳೆಗಳು ಕರಗಿ ಬರೀ ದಂಟು ಉಳಿಯಿತು, ಆಮೇಲೆ ದಂಟೂ ಪುಡಿಯಾಯಿತು. ಮುಚ್ಚಳ ತೆಗೆದರೆ ಅಮೋನಿಯಾ ವಾಸನೆ. ಅಮೈನೋ ಆಮ್ಲಗಳನ್ನು ಒಡೆದಾಗ ಪಿಎಚ್ 8 ದಾಟುತ್ತದೆ. ಸಕ್ಕರೆ ತಿಂದಾಗ ಬ್ಯಾಕ್ಟೀರಿಯಾ ಆಮ್ಲ ಬಿಡುವುದರಿಂದ ಪಿಎಚ್ ಕೆಳಗಿಳಿಯುತ್ತದೆ. ಹಾಗಾಗಿ ಕಿಣ್ವ ಅಳೆಯುವ ಮೊದಲೇ ಪಿಎಚ್ ಮೀಟರ್ ನನಗೆ ಅರ್ಧ ಕಥೆ ಹೇಳಿಬಿಡುತ್ತದೆ.

ಅಮೋನಿಯಂ ಕ್ಲೋರೈಡಿನದೂ ಹೆಚ್ಚುಕಡಿಮೆ ಅದೇ ಪಾಡು: ಸುಲಭದ ಸಾರಜನಕ ಸಿಕ್ಕಿದಷ್ಟೂ ಕೆರಾಟಿನೇಸ್ ಕುಗ್ಗಿತು. ಯೀಸ್ಟ್ ಸಾರ ಲೀಟರಿಗೆ 0.1 ಗ್ರಾಂನಷ್ಟು ಇದ್ದರೆ ಬೆಳವಣಿಗೆ ಚುರುಕಾಗಿ ಶುರುವಾಗುತ್ತದೆ, ಅದಕ್ಕಿಂತ ಧಾರಾಳವಾದರೆ ಗರಿಯ ಮೇಲಿನ ಆಸಕ್ತಿ ಹೋಗುತ್ತದೆ. ಗರಿಯನ್ನೇ ಹೆಚ್ಚಿಸೋಣವೆಂದರೆ ಅದು ನೀರು ಹೀರಿ ಮುದ್ದೆಯಾಗಿ, ಶೇಕರ್‌ನಲ್ಲಿ ಅಲುಗದೆ, ಆಮ್ಲಜನಕ ಒಳಗೆ ಇಳಿಯುವುದಿಲ್ಲ.

ಹಾಲಿನ ಪ್ರೋಟೀನಾದ ಕೇಸೀನ್ ಮೇಲೆ ಮಾತ್ರ ಅಳೆದು 'ಕೆರಾಟಿನೇಸ್ ಹೆಚ್ಚಾಯಿತು' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪ್ರೋಟೀನ್ ಕತ್ತರಿಸುವ ಕಿಣ್ವಗಳಾದ ಪ್ರೋಟಿಯೇಸ್‌ಗಳಲ್ಲಿ ಹೆಚ್ಚಿನವು ಕೇಸೀನ್ ಕತ್ತರಿಸುತ್ತವೆ. ಕೆರಾಟಿನ್ ಅಜ್ಯೂರ್‌ನಿಂದ (ನೀಲಿ ಬಣ್ಣ ಕಟ್ಟಿದ ಕೆರಾಟಿನ್‌ನಿಂದ) ಬಿಡುಗಡೆಯಾದ ನೀಲಿಯನ್ನು 595 ನ್ಯಾನೋಮೀಟರ್‌ನಲ್ಲಿ ಓದುವುದು, ಉಳಿದ ಗರಿಯನ್ನು ಸೋಸಿ ಒಣಗಿಸಿ ತೂಗುವುದು, ಇವೆರಡೂ ಹೊಂದಿಕೆಯಾದರೆ ಮಾತ್ರ ಆ ಫ್ಲಾಸ್ಕಿನ ಅಂಕಿ ನನ್ನ ಪುಸ್ತಕ ಸೇರುತ್ತದೆ.