ಮಳೆಗಾಲ, ಬಾಲ್ ಮತ್ತು ಶೂಟಿಂಗ್: ನನ್ನ ಅನುಭವ

ಬ್ಯಾಸ್ಕೆಟ್‌ಬಾಲಿನಲ್ಲಿ ಶೂಟಿಂಗ್, ಅಂದರೆ ರಿಂಗಿಗೆ ಬಾಲ್ ಎಸೆಯುವುದು, ಕೆಟ್ಟಾಗ ಎಲ್ಲರೂ ಆಟಗಾರನ ಮೊಣಕೈ ನೋಡುತ್ತಾರೆ. ನಾನು ಮೊದಲು ಬಾಲ್ ಮುಟ್ಟಿ ನೋಡುತ್ತೇನೆ. ಚಿಕ್ಕಮಗಳೂರಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸುವವರಿಗೆ ಈ ಅಭ್ಯಾಸ ಇರಲೇಬೇಕು. ಇಲ್ಲಿ ಮಳೆಗಾಲದಲ್ಲಿ ಮಳೆ ಹೊಳವಾದರೂ ಗಾಳಿಯ ಥಂಡಿ, ಅಂದರೆ ತೇವ, ಹೋಗುವುದಿಲ್ಲ.

ನಮ್ಮಲ್ಲಿ ಸಿಮೆಂಟ್ ಕೋರ್ಟಿಗೆ ರಬ್ಬರ್ ಬಾಲ್, ಟೂರ್ನಮೆಂಟಿಗೆ ಸಿಂಥೆಟಿಕ್ ಲೆದರ್ ಬಾಲ್. ಎರಡನ್ನೂ ಹೋಲಿಸಬೇಕೆಂದರೆ ಮೊದಲು ಬಾಲಿನೊಳಗಿನ ಗಾಳಿ ಸಮ ಇರಬೇಕು. ಸುಮಾರು 1.8 ಮೀಟರ್ ಎತ್ತರದಿಂದ ಬಿಟ್ಟರೆ ಬಾಲಿನ ಮೇಲ್ತುದಿ 1.2ರಿಂದ 1.4 ಮೀಟರ್‌ವರೆಗೆ ಏಳಬೇಕು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡೇ ನೋಡುತ್ತೇನೆ. ಆಮೇಲೆ ಹುಡುಗರು ಎರಡೂ ಬಾಲ್‌ಗಳಲ್ಲಿ ಸರದಿಯಂತೆ ಫ್ರೀ ಥ್ರೋ (ಯಾರೂ ಅಡ್ಡ ಬಾರದೆ ಗೆರೆಯ ಹಿಂದೆ ನಿಂತು ಎಸೆಯುವುದು) ಹಾಕುತ್ತಾರೆ. ನಾನು ಬರೆದುಕೊಳ್ಳುವುದು ತಪ್ಪಿದ್ದನ್ನು ಮಾತ್ರ: ಎಡವೋ, ಬಲವೋ, ಗಿಡ್ಡವೋ (ರಿಂಗ್ ಮುಟ್ಟುವಷ್ಟು ದೂರ ಹೋಗದ್ದು), ಉದ್ದವೋ (ರಿಂಗ್ ದಾಟಿ ಹೋದದ್ದು).

ಎಡ-ಬಲದ ತಪ್ಪು ಬಾಲ್ ಬದಲಾದರೂ ಬದಲಾಗಲಿಲ್ಲ. ಅದು ಮಣಿಕಟ್ಟಿನದು. ಬದಲಾಗಿದ್ದು ಗಿಡ್ಡ-ಉದ್ದ. ರಬ್ಬರ್ ಬಾಲ್ ರಿಂಗಿಗೆ ತಾಗಿ ಜೋರಾಗಿ ಹಾರುತ್ತದೆ. ಬಾಲನ್ನು ಎತ್ತರಕ್ಕೆ ಏರಿಸದೆ ಚಪ್ಪಟೆಯಾಗಿ ಎಸೆಯುವವನಿಗೆ ಅದು ಒಳಗೆ ಬೀಳುವುದೇ ಕಷ್ಟ. ಥಂಡಿ ಹಿಡಿದ ಸಿಂಥೆಟಿಕ್ ಬೇರೆ ಕಥೆ. "ಸರ್, ಬೆರಳಲ್ಲಿ ನಿಲ್ತಾನೇ ಇಲ್ಲ" ಅಂತ ಹುಡುಗರೇ ಹೇಳುತ್ತಾರೆ. ಬಿಡುವ ಕ್ಷಣದಲ್ಲಿ ಬೆರಳು ಜಾರಿದರೆ ಹಿಂದಕ್ಕೆ ತಿರುಗುವ ಸ್ಪಿನ್ ಕಡಿಮೆಯಾಗುತ್ತದೆ, ಬಾಲ್ ಗಿಡ್ಡ ಬೀಳುತ್ತದೆ. ಸ್ಪಿನ್ ಚೆನ್ನಾಗಿದ್ದರೆ ರಿಂಗಿಗೆ ತಾಗಿದ ಬಾಲಿನ ವೇಗ ಅಲ್ಲೇ ಸಾಯುತ್ತದೆ, ಒಳಗೆ ಇಳಿಯಲು ಇನ್ನೊಂದು ಅವಕಾಶ ಸಿಗುತ್ತದೆ. 24 ಸೆಂಟಿಮೀಟರ್ ಅಗಲದ ಬಾಲಿಗೆ 45 ಸೆಂಟಿಮೀಟರ್ ರಿಂಗ್. ಆ ಅವಕಾಶ ಸಣ್ಣದಲ್ಲ.

ಇದು ನಮ್ಮ ಹುಡುಗರ ನೆಪ ಅಂದುಕೊಳ್ಳಬೇಡಿ. 2006ರಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಲೆದರ್ ಬಿಟ್ಟು ಮೈಕ್ರೋಫೈಬರ್ ಎಂಬ ಸಿಂಥೆಟಿಕ್ ಬಾಲ್ ತಂದಾಗ ದೊಡ್ಡ ಆಟಗಾರರೇ ದೂರಿದರು. 2007ರ ಜನವರಿ 1ರಿಂದ ಲೆದರ್ ವಾಪಸ್ ಬಂತು. ಲೆದರ್ ಬೆವರು ಹೀರುತ್ತದೆ, ಮೈಕ್ರೋಫೈಬರ್ ಬಾಲ್‌ನಲ್ಲಿ ಬೆವರು ಮೇಲೆಯೇ ಉಳಿಯುತ್ತಿತ್ತು.

ಹಾಗಾಗಿ ಟೂರ್ನಮೆಂಟ್ ಹತ್ತಿರ ಬಂದಾಗ ಶೂಟಿಂಗ್ ಎಲ್ಲ ಮ್ಯಾಚ್ ಬಾಲಿನಲ್ಲೇ ಮಾಡಿಸುತ್ತೇನೆ. ಎರಡು ಬಾಲ್, ಎರಡು ಒಣ ಟವೆಲ್. ಒಂದು ಆಟದಲ್ಲಿದ್ದರೆ ಇನ್ನೊಂದು ಒರೆಸಿಕೊಳ್ಳುತ್ತಿರುತ್ತದೆ. ಆಟ ಮುಗಿದ ಮೇಲೆ ಧೂಳು ಒರೆಸಿ ನೆರಳಲ್ಲಿ ಆರಿಸುತ್ತೇವೆ, ಒಲೆ ಹತ್ತಿರ ಇಡುವುದಿಲ್ಲ.

ದುಡ್ಡು ಕಡಿಮೆ ಇರುವ ಶಾಲೆಯವರು ಕೇಳಿದರೆ ಹೇಳುವುದಿಷ್ಟು: ಡ್ರಿಬಲ್, ಪಾಸ್‌ಗೆ ರಬ್ಬರ್ ಸಾಕು, ಒಂದಾದರೂ ಒಳ್ಳೆಯ ಸಿಂಥೆಟಿಕ್ ಶೂಟಿಂಗಿಗೆಂದೇ ಇಡಿ. ರಿಂಗ್ ಕೆಳಗೆ ಒಬ್ಬನನ್ನು ನಿಲ್ಲಿಸಿ, ಆ ಬಾಲ್ ಸಿಮೆಂಟಿಗೆ ಬಿದ್ದು ಸವೆಯದಂತೆ ಮುಂಚೆಯೇ ಹಿಡಿಯಲಿ.