ಇಂಗ್ಲಿಷ್ ಸಂಬಂಧಿ ಉಪವಾಕ್ಯದಲ್ಲಿ ಕರ್ತೃವಿಗಿಂತ ಮೊದಲು ಕ್ರಿಯಾಪದ: ಯಾವಾಗ, ಹೇಗೆ?

‘ವಿಚ್’, ‘ಹೂಮ್’, ‘ವೇರ್’ ಮುಂತಾದ ಪದಗಳಿಂದ ಹೊರಟು ಹಿಂದಿನ ನಾಮಪದವನ್ನು ವಿವರಿಸುವ ಇಂಗ್ಲಿಷ್ ಉಪವಾಕ್ಯದಲ್ಲಿ ಸಾಮಾನ್ಯವಾಗಿ ಕರ್ತೃ ಮೊದಲು, ಕ್ರಿಯಾಪದ ಆಮೇಲೆ. ‘ದ ಹಿಲ್ ಆನ್ ವಿಚ್ ದ ಫೋರ್ಟ್ ಸ್ಟ್ಯಾಂಡ್ಸ್’ ಎಂಬುದು ಆ ಕ್ರಮ. ಆದರೆ ಬರವಣಿಗೆಯಲ್ಲಿ ‘ದ ಹಿಲ್ ಆನ್ ವಿಚ್ ಸ್ಟ್ಯಾಂಡ್ಸ್ ಎ ಫೋರ್ಟ್’ ಎಂಬ ತಿರುಗಿಸಿದ ಕ್ರಮವೂ ಕಾಣುತ್ತದೆ.

ತಿರುಗಿಸುವ ಮೊದಲು ಕ್ರಿಯಾಪದವನ್ನು ನೋಡಬೇಕು. ಇರುವಿಕೆ, ನೆಲೆ ಅಥವಾ ಬರುವಿಕೆಯನ್ನು ಹೇಳುವ ‘ಸ್ಟ್ಯಾಂಡ್’, ‘ಲೈ’, ‘ಹ್ಯಾಂಗ್’, ‘ಲಿವ್’, ‘ಕಮ್’, ‘ಬಿ’ಯಂಥ ಅಕರ್ಮಕ ಕ್ರಿಯಾಪದಗಳು ಇದಕ್ಕೆ ಒಗ್ಗುತ್ತವೆ, ‘ಇನ್ ವಿಚ್ ವರ್ ಕೆಪ್ಟ್ ದ ಓಲ್ಡ್ ರೆಕಾರ್ಡ್ಸ್’ ಎಂಬಂತೆ ಕರ್ಮಣಿ ಪ್ರಯೋಗವೂ ಸಲ್ಲುತ್ತದೆ. ಕ್ರಿಯಾಪದಕ್ಕೆ ಕರ್ಮವಿದ್ದರೆ ತಿರುಗಿಸುವ ಆಲೋಚನೆಯನ್ನೇ ಬಿಡಬೇಕು.

ನಂತರ ಕರ್ತೃವಿನ ಉದ್ದವನ್ನು ಗಮನಿಸಬೇಕು. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ‘ದ ಹಿಲ್ ಆನ್ ವಿಚ್ ಎ ಫೋರ್ಟ್ ಬಿಲ್ಟ್ ಬೈ ದ ಚೀಫ್ಸ್ ಆಫ್ ದಟ್ ರೀಜನ್ ಸ್ಟ್ಯಾಂಡ್ಸ್’ ಎಂದು ಬರೆದರೆ ವ್ಯಾಕರಣ ಕೆಡುವುದಿಲ್ಲ, ಆದರೆ ಒಂಟಿ ‘ಸ್ಟ್ಯಾಂಡ್ಸ್’ಗಾಗಿ ಇಂಗ್ಲಿಷ್ ಓದುಗ ಕೊನೆಯವರೆಗೂ ಕಾಯಬೇಕಾಗುತ್ತದೆ. ವಾಕ್ಯದ ತುದಿಯಲ್ಲೇ ಕ್ರಿಯಾಪದವನ್ನು ಎದುರುನೋಡುವ ಕನ್ನಡದ ಕಿವಿಗೆ ಈ ಕಾಯುವಿಕೆ ಭಾರವೆನಿಸುವುದಿಲ್ಲವಾದ್ದರಿಂದ, ನಾವು ಬರೆದದ್ದರಲ್ಲಿ ಈ ತೊಡಕನ್ನು ನಾವೇ ಗುರುತಿಸುವುದು ಕಷ್ಟ. ಉದ್ದವಾದ, ಹೊಸದಾಗಿ ಪರಿಚಯಿಸುವ ಕರ್ತೃವಿದ್ದಾಗ ‘ಆನ್ ವಿಚ್ ಸ್ಟ್ಯಾಂಡ್ಸ್’ ಎಂದು ಬರೆದು, ಉಳಿದದ್ದನ್ನೆಲ್ಲ ಅದರ ನಂತರ ಇಡಿ. ಕರ್ತೃ ‘ಇಟ್’, ‘ಹಿ’, ‘ದೇ’ಯಂಥ ಸರ್ವನಾಮವಾದರೆ ಮಾತ್ರ ಎಂದೂ ತಿರುಗಿಸಬಾರದು, ‘ಆನ್ ವಿಚ್ ಸ್ಟ್ಯಾಂಡ್ಸ್ ಇಟ್’ ತಪ್ಪು.

ತಿರುಗಿಸುವಾಗ ‘ಆನ್’, ‘ಇನ್’ನಂಥ ಪದಗಳು ‘ವಿಚ್’ನ ಜೊತೆಗೇ ಮುಂದೆ ಬರಬೇಕು. ‘ವಿಚ್ ಸ್ಟ್ಯಾಂಡ್ಸ್ ಎ ಫೋರ್ಟ್ ಆನ್’ ಎಂದಾಗಲಿ, ‘ಆನ್ ದಟ್ ಸ್ಟ್ಯಾಂಡ್ಸ್’ ಎಂದಾಗಲಿ ಬರೆಯುವಂತಿಲ್ಲ. ಪ್ರಶ್ನಾವಾಕ್ಯದ ರೂಢಿಯನ್ನೂ ಇಲ್ಲಿಗೆ ತರಬಾರದು: ‘ದ ಹೌಸ್ ಇನ್ ವಿಚ್ ಡಸ್ ಹಿ ಲಿವ್’ ಎಂಬುದು ಸಲ್ಲದು, ಏಕೆಂದರೆ ಇಲ್ಲಿ ‘ಡು’, ‘ಡಸ್’ ಎಂಬ ಸಹಾಯಕ ಕ್ರಿಯಾಪದಗಳಿಗೆ ಕೆಲಸವಿಲ್ಲ, ಮುಖ್ಯ ಕ್ರಿಯಾಪದವೇ ಮುಂದೆ ಬರುತ್ತದೆ.

ಕೊನೆಗೆ ವಚನವನ್ನು ಪರೀಕ್ಷಿಸಿ. ಕ್ರಿಯಾಪದ ಹೊಂದಬೇಕಾದದ್ದು ತನ್ನ ನಂತರ ಬರುವ ಕರ್ತೃವಿಗೆ. ‘ದ ಕಿಂಗ್ ಹ್ಯಾಡ್ ಫೈವ್ ಮಿನಿಸ್ಟರ್ಸ್, ಅಮಂಗ್ ಹೂಮ್ ವಾಸ್ ಎ ಪೊಯೆಟ್’ ಎಂಬಲ್ಲಿ ಮಂತ್ರಿಗಳು ಐವರಿದ್ದರೂ ಕರ್ತೃ ಕವಿಯೊಬ್ಬನೇ ಆದ್ದರಿಂದ ‘ವಾಸ್’ ಸರಿ. ಕವಿಗಳು ಇಬ್ಬರಿದ್ದರೆ ‘ಅಮಂಗ್ ಹೂಮ್ ವರ್ ಟು ಪೊಯೆಟ್ಸ್’ ಎಂದಾಗುತ್ತದೆ.

ಈ ರಚನೆ ವರದಿ, ಪ್ರಬಂಧ, ಸ್ಥಳವರ್ಣನೆಗಳಿಗೆ ಹೊಂದುತ್ತದೆ, ಮಾತಿನಲ್ಲಿ ಕೃತಕವಾಗಿ ಕೇಳಿಸುತ್ತದೆ. ಅನುಮಾನವಿದ್ದಾಗ ‘ಎ ಹಿಲ್ ಆನ್ ವಿಚ್ ದೇರ್ ಈಸ್ ಎ ಫೋರ್ಟ್’ ಎಂದು ‘ದೇರ್’ ಸೇರಿಸಿ ಬರೆದರೆ ಎಲ್ಲಿಯೂ ಸಲ್ಲುತ್ತದೆ.