ಆದಿಸ್ಲಾವಿಕ್‌ನ 'ಕುರಿ': ಮೂಲ ಹುಡುಕಿ ವಿಭಕ್ತಿ ಕಟ್ಟುವ ಬಗೆ

ರಷ್ಯನ್, ಪೋಲಿಷ್, ಚೆಕ್ ಮೊದಲಾದವುಗಳ ತಾಯಿಯಾದ ಆದಿಸ್ಲಾವಿಕ್ ಭಾಷೆಯ ಬರಹ ಒಂದೂ ಸಿಕ್ಕಿಲ್ಲ. ಮಗಳು ಭಾಷೆಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಕಟ್ಟಿದ ರೂಪಕ್ಕೆ ನಕ್ಷತ್ರ ಹಾಕುತ್ತೇವೆ. 'ಕುರಿ'ಗೆ ಸಿಗುವ ರೂಪ *ಒವಿತ್ಸಾ. ಇಲ್ಲಿ ಹ್ರಸ್ವ ಇ ಎಂದರೆ 'ಯೆರ್' ಎಂಬ ಅತಿಹ್ರಸ್ವ ಸ್ವರ; ಹ್ರಸ್ವ ಉ ಇಂಥದೇ ಇನ್ನೊಂದು ಯೆರ್. ಪೂರ್ಣ ಸ್ವರವನ್ನು ಈ ಎಂದು ಬರೆಯುತ್ತೇನೆ.

ಪ್ರಥಮಾ ವಿಭಕ್ತಿಯಿಂದ ನಾನು ಶುರು ಮಾಡುವುದಿಲ್ಲ. ರಷ್ಯನ್, ಪೋಲಿಷ್, ಚೆಕ್ ಎಲ್ಲದರಲ್ಲೂ ಅಲ್ಲಿ ಯೆರ್ ಬಿದ್ದುಹೋಗಿದೆ. ಮೊದಲು ನೋಡಬೇಕಾದದ್ದು ಷಷ್ಠೀ ಬಹುವಚನ, *ಒವಿತ್ಸಿ. ಕೊನೆಯಿಂದ ಎಣಿಸಿದರೆ ಮೊದಲ ಯೆರ್ ಬೀಳುತ್ತದೆ, ಎರಡನೆಯದು ನಿಲ್ಲುತ್ತದೆ: ರಷ್ಯನ್ ಬರಹದಲ್ಲಿ ಒವೆತ್ಸ್, ಪೋಲಿಷ್‌ನಲ್ಲಿ ಒವ್ಯೆತ್ಸ್. ರಷ್ಯನ್‌ನ ಎ, ಪೋಲಿಷ್‌ನ ಮೆದುವಾದ ವ್ಯ ಎರಡೂ ಇದು ಇ-ಯೆರ್, ಉ-ಯೆರ್ ಅಲ್ಲ ಎಂದು ಹೇಳುತ್ತವೆ. ಚೆಕ್‌ನಲ್ಲಿ ಎರಡೂ ಯೆರ್ ಎ ಆಗುತ್ತವೆ, ಸರ್ಬಿಯನ್‌ನಲ್ಲಿ ಎರಡೂ ಅ. ಹಾಗಾಗಿ ಈ ಪ್ರಶ್ನೆಗೆ ಅವುಗಳ ಸಾಕ್ಷ್ಯ ನಡೆಯದು. 'ಟಗರು' ಪದ *ಒವಿನು (ರಷ್ಯನ್ ಒವೆನ್, ಲಿಥುವೇನಿಯನ್ ಅವಿನಸ್) ಅದೇ ಬುಡವನ್ನು ಖಾತ್ರಿ ಮಾಡುತ್ತದೆ.

ತ್ಸ ಹಿಂದೆ ಕ ಆಗಿತ್ತು. ಇ-ಯೆರ್‌ನ ನಂತರ ಬಂದ ಕ ಹೀಗೆ ಬದಲಾಗುವುದನ್ನು ಭಾಷಾವಿಜ್ಞಾನಿ ಬೋದುಎನ್ ದ ಕುರ್ತನೆ 1894ರಲ್ಲಿ ನಿಯಮವಾಗಿ ಇಟ್ಟರು. ಅದನ್ನು ತಿರುಗಿಸಿ, ಸ್ಲಾವಿಕ್ ಒ-ವನ್ನು ಹಳೆಯ ಅ ಮಾಡಿದರೆ *ಅವಿಕಾ ಸಿಗುತ್ತದೆ. ಋಗ್ವೇದದ 1.126.7ರಲ್ಲಿ 'ಗಂಧಾರೀಣಾಮಿವಾವಿಕಾ' ಎಂದೇ ಇದೆ. ಖುಷಿಯಾಗುತ್ತದೆ, ನಿಜ, ಆದರೆ ಕಿರುರೂಪದ -ಕಾ ಎರಡೂ ಕಡೆ ಬೇರೆಬೇರೆಯಾಗಿ ಸೇರಿರಬಹುದು. ಮೂಲ ಸ್ವರಕ್ಕೂ ಸಂಸ್ಕೃತವನ್ನು ನಂಬುವಂತಿಲ್ಲ, ಅಲ್ಲಿ ಅ-ಎ-ಒ ಮೂರೂ ಅ ಆಗಿಬಿಟ್ಟಿವೆ. ಅದಕ್ಕೆ ಲ್ಯಾಟಿನ್ ಒವಿಸ್, ಗ್ರೀಕ್ ಒಇಸ್ ಬೇಕು.

ವಿಭಕ್ತಿ ಹಚ್ಚುವಾಗ ಎಡವುವುದು ಗಣದಲ್ಲಿ, ಅಂದರೆ ಒಂದೇ ಬಗೆಯ ಪ್ರತ್ಯಯ ಹಿಡಿಯುವ ಪದಗಳ ಗುಂಪಿನಲ್ಲಿ. ಆಕಾರಾಂತ ಕಂಡ ಕೂಡಲೇ ಕಠಿಣ ಗಣದ *ರೊಂಕಾ (ಕೈ) ಜಾಡು ಹಿಡಿಯುತ್ತಾರೆ. ಆದರೆ *ಒವಿತ್ಸಾದ ತ್ಸ ಮೃದು ವ್ಯಂಜನ, ಪ್ರತ್ಯಯಗಳೂ ಮೃದು ಗಣದವು. ಸಂಬೋಧನೆ *ರೊಂಕೊ, ಇಲ್ಲಿ *ಒವಿತ್ಸೆ. ತೃತೀಯಾ *ರೊಂಕೊಯೊಂ, ಇಲ್ಲಿ *ಒವಿತ್ಸೆಯೊಂ. ಚತುರ್ಥೀ *ರೊಂತ್ಸೇ, ಇಲ್ಲಿ *ಒವಿತ್ಸೀ. ಸಪ್ತಮಿಯೂ ಚತುರ್ಥಿಯಂತೆಯೇ. ದ್ವಿತೀಯೆ ಮಾತ್ರ ಎರಡರಲ್ಲೂ -ಒಂ (ಅನುನಾಸಿಕ ಒ), ಆದ್ದರಿಂದ ಗಣ ಗುರುತಿಸಲು ಅದು ಉಪಯೋಗಕ್ಕಿಲ್ಲ. ಪಂಚಮಿ ಷಷ್ಠಿಯಲ್ಲಿ ಕರಗಿದೆ. ಬಹುವಚನದ -ಆಮು, -ಆಮೀ, -ಆಖು ಎರಡು ಗಣಕ್ಕೂ ಸಮಾನ.

ಷಷ್ಠೀ ಏಕವಚನಕ್ಕೆ ಒಂದೇ ರೂಪ ಬರೆದರೆ ತಪ್ಪಾಗುತ್ತದೆ. ದಕ್ಷಿಣದ ಹಳೆಯ ಚರ್ಚ್ ಸ್ಲಾವಿಕ್‌ನಲ್ಲಿ ಅನುನಾಸಿಕದ ಒವಿತ್ಸೆಂ, ಹಳೆಯ ಪೂರ್ವ ಸ್ಲಾವಿಕ್‌ನಲ್ಲಿ ಒವಿತ್ಸೇ. ಪ್ರಥಮಾ ಬಹುವಚನದಲ್ಲೂ ಇದೇ ಒಡಕು. ಕೋಷ್ಟಕದಲ್ಲಿ ಎರಡನ್ನೂ ಗೆರೆಹಾಕಿ ಪಕ್ಕಪಕ್ಕ ಬರೆಯುತ್ತೇನೆ.